ಕೈಯಲ್ಲಿ ಓಡುತ್ತದೆ, ಕರೆಂಟ್ ಹೋಗಿ ಬಂದರೆ ಏಳುವುದಿಲ್ಲ: ಲಿನಕ್ಸ್ ಸರ್ವಿಸ್‌ಗಳ ದೋಷ ಹುಡುಕುವ ಬಗೆ

ಮಲೆನಾಡಿನ ಒಂದು ಸಣ್ಣ ಸಹಕಾರ ಸಂಘದ ಸರ್ವರ್ ನೋಡಿಕೊಳ್ಳುವ ಕೆಲಸ ಕೆಲವು ವರ್ಷ ನನ್ನದಾಗಿತ್ತು. ಡೆಬಿಯನ್ ಲಿನಕ್ಸ್ ಹಾಕಿದ ಒಂದೇ ಮಷೀನು, ಅದರ ಮೇಲೆ ಲೆಕ್ಕಪತ್ರದ ವೆಬ್ ಅಪ್ಲಿಕೇಶನ್. ಮಳೆಗಾಲ ಹಿಡಿಯಿತೆಂದರೆ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಫೋನ್ ಬರುತ್ತಿತ್ತು.

"ಸರ್, ಪೇಜ್ ಓಪನ್ ಆಗ್ತಾ ಇಲ್ಲ. ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ."

ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಒಳಗೆ ಹೋಗಿ ಅಪ್ಲಿಕೇಶನ್‌ನ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಸ್ಟಾರ್ಟ್ ಮಾಡುತ್ತಿದ್ದೆ. ತಕ್ಷಣ ಏಳುತ್ತಿತ್ತು. "ಈಗ ನೋಡಿ ಮೇಡಂ" ಎನ್ನುತ್ತಿದ್ದೆ, "ಬಂತು ಸರ್" ಎನ್ನುತ್ತಿದ್ದರು. ಬಿಡುವಾದಾಗ ನಾನೇ ಸರ್ವರ್ ರೀಬೂಟ್ ಮಾಡಿ ನೋಡಿದರೆ ಯಾವ ತೊಂದರೆಯೂ ಇಲ್ಲದೆ ಏಳುತ್ತಿತ್ತು. ಕರೆಂಟ್ ಹೋಗಿ ಬಂದಾಗ ಮಾತ್ರ ಮಲಗಿರುತ್ತಿತ್ತು. ಅದರ ಕಾರಣ ಸಿಕ್ಕಿದ್ದು ಎರಡನೇ ಮಳೆಗಾಲದಲ್ಲಿ. ಮೊದಲ ಮಳೆಗಾಲವಿಡೀ ನಾನು ರೀಸ್ಟಾರ್ಟ್ ಮಾಡುತ್ತ ಹೋದೆ, ಲಾಗ್ ಓದಲಿಲ್ಲ.

ಸರ್ವಿಸ್ ದೋಷಗಳಲ್ಲಿ ನನಗೆ ಅತಿ ಹೆಚ್ಚು ಎದುರಾದದ್ದು ಈ ಜಾತಿಯೇ: ಕೈಯಿಂದ ಓಡಿಸಿದರೆ ಓಡುತ್ತದೆ, ಸರ್ವಿಸ್ ಆಗಿ ಓಡುವುದಿಲ್ಲ. ಕಾರಣ ಎರಡರಲ್ಲೊಂದು. ಒಂದೋ ಸರ್ವಿಸ್ ಓಡುವ ಪರಿಸರ ನಿಮ್ಮ ಲಾಗಿನ್ ಪರಿಸರವಲ್ಲ. ಇಲ್ಲವೇ ಅದು ಓಡುವ ಗಳಿಗೆ ನೀವು ಓಡಿಸುವ ಗಳಿಗೆಯಲ್ಲ. ಇಲ್ಲಿ ಬರೆದಿರುವುದು ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ) ಇರುವ ಸರ್ವರ್‌ಗಳಿಗೆ, ಅಂದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 (2014), ಡೆಬಿಯನ್ 8 ಮತ್ತು ಉಬುಂಟು 15.04 (2015), ಅವುಗಳ ನಂತರದವಕ್ಕೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ರೀಸ್ಟಾರ್ಟ್‌ಗೆ ಮುಂಚೆ

ಬಿದ್ದಿರುವ ಸರ್ವಿಸ್ ಎಂದರೆ ಸಾಕ್ಷಿ ಹಾಗೇ ಉಳಿದಿರುವ ಜಾಗ. ಎರಡು ನಿಮಿಷ ಕೊಟ್ಟು ಸಾಕ್ಷಿ ಎತ್ತಿಟ್ಟುಕೊಂಡು ಆಮೇಲೆ ಎಬ್ಬಿಸಿ. ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಎಂದರೆ ಏನೇನು ಬಿದ್ದಿದೆ ಎಂದು ಒಟ್ಟಿಗೆ ಕಾಣುತ್ತದೆ. ನಿಮ್ಮ ಅಪ್ಲಿಕೇಶನ್ ಜೊತೆಗೆ ಯಾವುದೋ ಡಿಸ್ಕ್ ಮೌಂಟ್ ಕೂಡ ಬಿದ್ದಿದ್ದರೆ ಹುಡುಕಾಟ ಅಲ್ಲಿಂದ ಶುರುವಾಗಬೇಕು. ಆಮೇಲೆ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಮುಂದೆ ಸರ್ವಿಸ್ ಹೆಸರು.

ಸ್ಟೇಟಸ್ ನಂಬಿ ಅಲ್ಲಿಗೇ ನಿಲ್ಲಬೇಡಿ. ಅದು ತೋರಿಸುವುದು ಲಾಗ್‌ನ ಕೊನೆಯ 10 ಸಾಲು ಮಾತ್ರ. ಸರ್ವಿಸ್ ಹಲವು ಸಲ ಎದ್ದು ಬಿದ್ದಿದ್ದರೆ ಆ ಹತ್ತೂ ಸಾಲು ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’ ಎಂಬಂಥ ಸಿಸ್ಟಮ್‌ಡಿಯ ಮಾತಿನಿಂದಲೇ ತುಂಬಿರುತ್ತವೆ. ಪ್ರೋಗ್ರಾಂ ಸಾಯುವ ಮುನ್ನ ಹೇಳಿದ ಮಾತು ಮೇಲೆ ಹೋಗಿರುತ್ತದೆ. ‘ಜರ್ನಲ್‌ಸಿಟಿಎಲ್ -ಯು ಸರ್ವಿಸ್‌ಹೆಸರು -ಬಿ’ ಹೊಡೆದು ಮೊದಲ ಸಾಲಿನಿಂದ ಓದಿ. ‘-ಬಿ’ ಎಂದರೆ ಈ ಬೂಟ್‌ನದು, ‘-ಬಿ -1’ ಎಂದರೆ ಹಿಂದಿನ ಬೂಟ್‌ನದು. ‘-ಓ ಶಾರ್ಟ್-ಪ್ರಿಸೈಸ್’ ಸೇರಿಸಿದರೆ ಸಮಯ ಮೈಕ್ರೋಸೆಕೆಂಡ್‌ವರೆಗೆ ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಜಗಳ ಇರುವಾಗ ಇದು ಬೇಕೇ ಬೇಕು.

ಹಿಂದಿನ ಬೂಟ್ ಕೇಳಿದರೆ ಏನೂ ಬರದಿದ್ದರೆ ಜರ್ನಲ್, ಅಂದರೆ ಸಿಸ್ಟಮ್‌ಡಿಯ ಲಾಗ್, ಡಿಸ್ಕಿಗೆ ಹೋಗುತ್ತಿಲ್ಲ ಎಂದರ್ಥ. ಅದನ್ನು ಬರೆಯುವ ಜರ್ನಲ್‌ಡಿಯ ಸ್ಟೋರೇಜ್ ಸೆಟ್ಟಿಂಗ್ ‘ಆಟೋ’ ಆಗಿದ್ದು ‘/ವರ್/ಲಾಗ್/ಜರ್ನಲ್’ ಡೈರೆಕ್ಟರಿ ಇಲ್ಲದಿದ್ದರೆ ಲಾಗ್ ಎಲ್ಲ ‘/ರನ್’ ಅಡಿಯಲ್ಲಿ, ಅಂದರೆ ಮೆಮರಿಯಲ್ಲೇ ಇರುತ್ತದೆ. ಮಷೀನು ಆಫ್ ಆದರೆ ಅದೂ ಹೋಯಿತು. ‘ಜರ್ನಲ್‌ಡಿ.ಕಾನ್ಫ್’ ಫೈಲಿನಲ್ಲಿ ಸ್ಟೋರೇಜ್ ‘ಪರ್ಸಿಸ್ಟೆಂಟ್’ ಮಾಡಿ ಜರ್ನಲ್‌ಡಿ ರೀಸ್ಟಾರ್ಟ್ ಮಾಡಿ. ಹೊಸ ಸರ್ವರ್ ಕೈಗೆ ಬಂದ ದಿನವೇ ನಾನು ಮಾಡುವ ಕೆಲಸ ಇದು.

ಸಂಖ್ಯೆ ಏನು ಹೇಳುತ್ತದೆ

ಸ್ಟೇಟಸ್‌ನಲ್ಲಿ ‘ಮೇನ್ ಪಿಐಡಿ’ ಸಾಲಿನ ಕೊನೆಗೆ ಒಂದು ಸಂಖ್ಯೆ ಇರುತ್ತದೆ. 1, 2ರಂಥ ಸಣ್ಣ ಸಂಖ್ಯೆಯಾದರೆ ಪ್ರೋಗ್ರಾಂ ಓಡಿತು, ತಾನಾಗಿ ಸೋತು ಹೊರಬಂತು. ಕಾರಣ ಅದರದೇ ಲಾಗ್‌ನಲ್ಲಿರುತ್ತದೆ. 200 ಮತ್ತು ಅದರ ಮೇಲಿನವು ಸಾಮಾನ್ಯವಾಗಿ ಸಿಸ್ಟಮ್‌ಡಿ ಇಟ್ಟ ಸಂಖ್ಯೆಗಳು. ಅಂದರೆ ನಿಮ್ಮ ಪ್ರೋಗ್ರಾಂನ ಒಂದು ಸಾಲೂ ಓಡಿಲ್ಲ, ಅದನ್ನು ಎಬ್ಬಿಸುವ ಸಿದ್ಧತೆಯಲ್ಲೇ ಎಡವಿದೆ. ಇಂಥ ಹೊತ್ತಲ್ಲಿ ಪ್ರೋಗ್ರಾಂನ ಲಾಗ್ ಕೆದಕುವುದು ವ್ಯರ್ಥ. 9/ಕಿಲ್ ಎಂದಿದ್ದು ಜೊತೆಗೆ ‘ಊಮ್-ಕಿಲ್’ ಎಂದೂ ಇದ್ದರೆ ಮೆಮರಿ ಸಾಲದೆ ಕರ್ನಲ್ (ಲಿನಕ್ಸ್‌ನ ತಿರುಳು) ಕೊಂದಿದೆ.

200 ಎಂದರೆ ವರ್ಕಿಂಗ್ ಡೈರೆಕ್ಟರಿಗೆ ಹೋಗಲಾಗಲಿಲ್ಲ. 217 ಎಂದರೆ ಯುನಿಟ್ ಫೈಲಿನಲ್ಲಿ (ಸರ್ವಿಸ್ ಹೇಗೆ ಓಡಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಫೈಲ್) ‘ಯೂಸರ್=’ ಎಂದು ಬರೆದ ಯೂಸರ್ ಸಿಗಲಿಲ್ಲ. 226 ಬಂದರೆ ‘ರೀಡ್‌ರೈಟ್‌ಪಾತ್ಸ್=’ ಸಾಲಿನಲ್ಲಿ ಬರೆದ ಡೈರೆಕ್ಟರಿ ನಿಜವಾಗಿಯೂ ಇದೆಯೇ ಎಂದು ಮೊದಲು ನೋಡಿ.

203 ಬಗ್ಗೆ ಹೆಚ್ಚು ಹೇಳಬೇಕು. ಯುನಿಟ್ ಫೈಲಿನ ‘ಎಕ್ಸೆಕ್‌ಸ್ಟಾರ್ಟ್’ನಲ್ಲಿ ಕೊಟ್ಟ ಫೈಲನ್ನು ಓಡಿಸಲಾಗಲಿಲ್ಲ ಎಂದು ಅದರ ಅರ್ಥ. ಓಡಿಸುವ ಅನುಮತಿ ಇಲ್ಲದಿದ್ದರೆ ‘ಸಿಎಚ್‌ಮಾಡ್’ ಸಾಕು. ಆ ಡಿಸ್ಕ್ ‘ನೋಎಕ್ಸೆಕ್’ ಆಗಿ ಮೌಂಟ್ ಆಗಿದ್ದರೆ ಎಷ್ಟು ಅನುಮತಿ ಕೊಟ್ಟರೂ ಪ್ರಯೋಜನವಿಲ್ಲ. ತಲೆ ತಿನ್ನುವುದು ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎನ್ನುವ 203. ಫೈಲ್ ಕಣ್ಣೆದುರೇ ಇರುತ್ತದೆ, ಆದರೂ ಇಲ್ಲ ಎನ್ನುತ್ತದೆ. ಕರ್ನಲ್‌ಗೆ ಸಿಗದೆ ಹೋಗಿರುವುದು ನಿಮ್ಮ ಫೈಲ್ ಅಲ್ಲ, ಅದರ ಮೊದಲ ಸಾಲಿನಲ್ಲಿ ಬರೆದಿರುವ ಇಂಟರ್‌ಪ್ರಿಟರ್, ಅಂದರೆ ಸ್ಕ್ರಿಪ್ಟನ್ನು ಓದಿ ಓಡಿಸುವ ಪ್ರೋಗ್ರಾಂ. ಯಾರೋ ಆ ಸ್ಕ್ರಿಪ್ಟನ್ನು ವಿಂಡೋಸ್‌ನಲ್ಲಿ ತಿದ್ದಿ ಸೇವ್ ಮಾಡಿರುತ್ತಾರೆ, ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿರುತ್ತದೆ. ಕರ್ನಲ್ ಆ ಅಕ್ಷರವನ್ನೂ ಇಂಟರ್‌ಪ್ರಿಟರ್ ಹೆಸರಿನ ಭಾಗವೆಂದೇ ಓದುತ್ತದೆ. ಪೈಥಾನ್ ಸ್ಕ್ರಿಪ್ಟ್ ಆಗಿದ್ದರೆ ‘ಪೈಥಾನ್3 ಸ್ಕ್ರಿಪ್ಟ್.ಪಿವೈ’ ಎಂದು ಕೈಯಿಂದ ಓಡಿಸಿದಾಗ ಮೊದಲ ಸಾಲಿನ ಹಂಗೇ ಇರುವುದಿಲ್ಲ, ಆ ಸಾಲಂತ್ಯಗಳೂ ಪೈಥಾನ್‌ಗೆ ಅಡ್ಡಿಯಲ್ಲ, ಹಾಗಾಗಿ ಸರಾಗವಾಗಿ ಓಡುತ್ತದೆ. ‘ಫೈಲ್’ ಕಮಾಂಡ್ ಕೊಟ್ಟು ನೋಡಿ, ‘ಸಿಆರ್‌ಎಲ್‌ಎಫ್’ ಎಂದು ಕಂಡರೆ ‘ಡಾಸ್2ಯುನಿಕ್ಸ್’ ಹಾಕಿದರೆ ಮುಗಿಯಿತು.

ರೆಡ್ ಹ್ಯಾಟ್ ಕುಟುಂಬದ ಸರ್ವರ್‌ಗಳಲ್ಲಿ ಇನ್ನೊಂದಿದೆ. ಹೋಮ್ ಡೈರೆಕ್ಟರಿಯಲ್ಲಿ ತಯಾರಿಸಿದ ಪ್ರೋಗ್ರಾಂ ಅನ್ನು ‘ಎಂವಿ’ ಮಾಡಿ ‘/ಯುಎಸ್‌ಆರ್/ಲೋಕಲ್/ಬಿನ್’ಗೆ ತಂದರೆ ಅದರ ಎಸ್‌ಇಲಿನಕ್ಸ್ (ಯಾರು ಯಾವ ಫೈಲ್ ಮುಟ್ಟಬಹುದೆಂದು ಲೇಬಲ್ ನೋಡಿ ಕಾಯುವ ಭದ್ರತಾ ವ್ಯವಸ್ಥೆ) ಲೇಬಲ್ ಹಳೆಯದೇ ಉಳಿಯುತ್ತದೆ. ನಿಮ್ಮ ಶೆಲ್‌ಗೆ ಓಡಿಸಲು ಬಿಡುವ ಎಸ್‌ಇಲಿನಕ್ಸ್ ಸಿಸ್ಟಮ್‌ಡಿಗೆ ಬಿಡುವುದಿಲ್ಲ. ‘ಎಯುಸರ್ಚ್ -ಎಂ ಎವಿಸಿ’ ಕೊಟ್ಟರೆ ತಡೆದದ್ದು ಕಾಣುತ್ತದೆ, ‘ರಿಸ್ಟೋರ್‌ಕಾನ್’ ಲೇಬಲ್ ಸರಿಮಾಡುತ್ತದೆ. ಎಸ್‌ಇಲಿನಕ್ಸ್ ಅನ್ನೇ ಆರಿಸಿಬಿಡುವ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಒಂದು ಲೇಬಲ್‌ನ ತಪ್ಪಿಗೆ ಇಡೀ ಸರ್ವರ್‌ನ ಕಾವಲು ತೆಗೆದಂತಾಗುತ್ತದೆ.

ನಿಮ್ಮ ಶೆಲ್ ಬೇರೆ, ಸರ್ವಿಸ್‌ನ ಪರಿಸರ ಬೇರೆ

ನೀವು ಲಾಗಿನ್ ಆದಾಗ ‘.ಬ್ಯಾಷ್‌ಆರ್‌ಸಿ’, ‘.ಪ್ರೊಫೈಲ್’ ಓದಲ್ಪಡುತ್ತವೆ. ಸರ್ವಿಸ್‌ಗೆ ಇವೊಂದೂ ಗೊತ್ತಿಲ್ಲ. ನಿಮ್ಮ ಹೋಮ್‌ನಲ್ಲಿ ಹಾಕಿಕೊಂಡ ನೋಡ್ ಅಥವಾ ಪೈಥಾನ್ ಅದರ ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಇರುವುದಿಲ್ಲ. ಡೇಟಾಬೇಸ್ ಪಾಸ್‌ವರ್ಡನ್ನು ‘ಎಕ್ಸ್‌ಪೋರ್ಟ್’ ಮಾಡಿ ಇಟ್ಟಿದ್ದರೆ ಅದೂ ತಲುಪುವುದಿಲ್ಲ. ಅದಕ್ಕೆಂದು ‘ಎನ್ವಿರಾನ್‌ಮೆಂಟ್‌ಫೈಲ್=’ ಇದೆ. ಆದರೆ ಹಳೆಯ ಫೈಲಿನಿಂದ ಸಾಲುಗಳನ್ನು ಹಾಗೇ ಅಂಟಿಸಿದರೆ ‘ಎಕ್ಸ್‌ಪೋರ್ಟ್’ ಎಂಬ ಪದವೂ ಬಂದುಬಿಡುತ್ತದೆ, ಸಿಸ್ಟಮ್‌ಡಿ ಆ ಸಾಲನ್ನು ಬದಿಗೆ ಸರಿಸುತ್ತದೆ. ಆ ಪದ ತೆಗೆದು ಹೆಸರು, ಸಮಚಿಹ್ನೆ, ಬೆಲೆ ಇಷ್ಟೇ ಇಡಿ. ಪೈಪ್, ‘&&’, ಔಟ್‌ಪುಟ್ ತಿರುಗಿಸುವ ಬಾಣ, ಇವು ಶೆಲ್‌ನ ಭಾಷೆ; ‘ಎಕ್ಸೆಕ್‌ಸ್ಟಾರ್ಟ್’ಗೆ ಅರ್ಥವಾಗುವುದಿಲ್ಲ, ಪ್ರೋಗ್ರಾಂಗೆ ಕೊಟ್ಟ ಆರ್ಗ್ಯುಮೆಂಟ್ ಎಂದೇ ತಿಳಿಯುತ್ತದೆ.

ಕನ್ನಡದಲ್ಲಿ ಡೇಟಾ ಇಟ್ಟುಕೊಂಡವರು ಒಂದು ಸಂಗತಿ ತಿಳಿದಿರಲೇಬೇಕು. ಅದೇ ಸಂಘದಲ್ಲಿ ಸದಸ್ಯರ ಪಟ್ಟಿ ತೆಗೆಯುವ ಪೈಥಾನ್ 3.6ರ ಸ್ಕ್ರಿಪ್ಟ್ ಒಂದಿತ್ತು, ಹೆಸರುಗಳೆಲ್ಲ ಕನ್ನಡದಲ್ಲಿ. ನಾನು ಓಡಿಸಿದರೆ ಪಟ್ಟಿ ಚೆನ್ನಾಗಿ ಬರುತ್ತಿತ್ತು. ರಾತ್ರಿ ಟೈಮರ್ ಓಡಿಸಿದರೆ ಮೊದಲ ಹೆಸರಿಗೇ ‘ಯುನಿಕೋಡ್‌ಎನ್‌ಕೋಡ್‌ಎರರ್’ ಕೊಟ್ಟು ಸಾಯುತ್ತಿತ್ತು. ಸರ್ವರ್‌ನಲ್ಲಿ ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್) ಹೊಂದಿಸಿಯೇ ಇರಲಿಲ್ಲ. ನನ್ನ ಲ್ಯಾಪ್‌ಟಾಪ್‌ನ ಎಸ್‌ಎಸ್‌ಎಚ್ ತನ್ನ ‘ಲ್ಯಾಂಗ್’ ಬೆಲೆಯನ್ನು ಜೊತೆಗೆ ಹೊತ್ತೊಯ್ಯುತ್ತಿತ್ತು, ಅದರಿಂದ ನನಗೆ ಮಾತ್ರ ಸರಿಯಾಗಿತ್ತು. ಸರ್ವಿಸ್‌ಗೆ ಆ ಬೆಲೆ ಇಲ್ಲ, ಹಾಗಾಗಿ ಪೈಥಾನ್ ಆಸ್ಕಿ ಎಂದುಕೊಂಡಿತು, ಕನ್ನಡ ಅಕ್ಷರ ಕಂಡು ನಿಂತಿತು. ಯುನಿಟ್ ಫೈಲಿನಲ್ಲಿ ‘ಎನ್ವಿರಾನ್‌ಮೆಂಟ್=ಲ್ಯಾಂಗ್=ಸಿ.ಯುಟಿಎಫ್-8’ ಎಂಬ ಒಂದು ಸಾಲು ಹಾಕಿದೆ, ಸರಿಹೋಯಿತು. ಪೈಥಾನ್ 3.7ರಿಂದ ಈಚೆಗೆ ಇಂಥ ಸಂದರ್ಭದಲ್ಲಿ ತಾನೇ ಯುಟಿಎಫ್-8 ಹಿಡಿಯುತ್ತದೆ. ಹಾಗೆಂದು ಬೇರೆ ಭಾಷೆಯ ಪ್ರೋಗ್ರಾಂಗಳೂ ಹಾಗೇ ಮಾಡುತ್ತವೆ ಎಂದು ನೆಚ್ಚಿಕೊಳ್ಳಬೇಡಿ.

‘ಟೂ ಮೆನಿ ಓಪನ್ ಫೈಲ್ಸ್’ ಬಂದಾಗ ‘ಲಿಮಿಟ್ಸ್.ಕಾನ್ಫ್’ ತಿದ್ದುವವರು ಬಹಳ. ಅದು ಪ್ಯಾಮ್ (ಲಾಗಿನ್ ನೋಡಿಕೊಳ್ಳುವ ವ್ಯವಸ್ಥೆ) ಮೂಲಕ ಲಾಗಿನ್ ಆಗುವವರಿಗೆ. ಸರ್ವಿಸ್‌ಗೆ ಯುನಿಟ್ ಫೈಲಿನ ‘ಲಿಮಿಟ್‌ನೋಫೈಲ್=’ ಬೇಕು. ‘/ಟೆಂಪ್’ನಲ್ಲಿ ನೀವಿಟ್ಟ ಫೈಲ್ ಸರ್ವಿಸ್‌ಗೆ ಕಾಣದಿದ್ದರೆ ‘ಪ್ರೈವೇಟ್‌ಟೆಂಪ್=’ ಇದೆಯೇ ನೋಡಿ. ಇದ್ದರೆ ಅದರ ‘/ಟೆಂಪ್’ ಬೇರೆಯೇ.

ಪರಿಸರದ ದೋಷವೋ ಅಲ್ಲವೋ ಎಂದು ಒಂದೇ ಏಟಿಗೆ ತಿಳಿಯಲು ‘ಸುಡೊ -ಯು ಸರ್ವಿಸ್‌ಯೂಸರ್ ಎನ್ವ್ -ಐ’ ಮುಂದೆ ಪ್ರೋಗ್ರಾಂನ ಪೂರ್ತಿ ಪಾತ್ ಕೊಟ್ಟು ಓಡಿಸಿ. ‘ಎನ್ವ್ -ಐ’ ನಿಮ್ಮ ಶೆಲ್‌ನ ವೇರಿಯಬಲ್‌ಗಳನ್ನೆಲ್ಲ ಕಳಚಿಡುತ್ತದೆ. ಹೀಗೆ ಓಡಿಸಿದಾಗ ಬಿದ್ದರೆ ಇಲ್ಲಿಯೇ ಹುಡುಕಿ. ಬೀಳದಿದ್ದರೆ ಉಳಿದದ್ದು ಎಸ್‌ಇಲಿನಕ್ಸ್, ಯುನಿಟ್ ಫೈಲಿನ ನಿರ್ಬಂಧಗಳು, ಅಥವಾ ಸಮಯ.

90 ಸೆಕೆಂಡ್ ಕಾದು ಬಿದ್ದರೆ

ಸ್ಟಾರ್ಟ್ ಕಮಾಂಡ್ ಒಂದೂವರೆ ನಿಮಿಷ ಅಲ್ಲಾಡದೆ ನಿಂತು ಆಮೇಲೆ ‘ಟೈಮ್‌ಔಟ್’ ಎಂದರೆ ಬಹುಪಾಲು ‘ಟೈಪ್=’ ತಪ್ಪಿದೆ. ‘ಫೋರ್ಕಿಂಗ್’ ಎಂದು ಬರೆದರೆ ಪ್ರೋಗ್ರಾಂ ಮರಿ ಹಾಕಿ ತಾನು ಹೊರಬರುವುದನ್ನು ಸಿಸ್ಟಮ್‌ಡಿ ಕಾಯುತ್ತದೆ. ಮುಂದೆಯೇ ನಿಂತು ಓಡುವ ಪ್ರೋಗ್ರಾಂ ಹೊರಬರುವುದೇ ಇಲ್ಲ. 90 ಸೆಕೆಂಡ್ ಎನ್ನುವುದು ಸಿಸ್ಟಮ್‌ಡಿ ಇಟ್ಟುಕೊಂಡ ಮಾಮೂಲಿ ಗಡುವು, ಅದು ಮುಗಿದರೆ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂ ಅನ್ನೇ ಕೊಲ್ಲುತ್ತದೆ. ತಿರುಗುಮುರುಗಾದರೂ ಕಷ್ಟ: ಹಿನ್ನೆಲೆಗೆ ಸರಿಯುವ ಪ್ರೋಗ್ರಾಂಗೆ ‘ಸಿಂಪಲ್’ ಎಂದು ಬರೆದರೆ ತಾಯಿ ಪ್ರೊಸೆಸ್ ಹೊರಬಂದೊಡನೆ ಕೆಲಸ ಮುಗಿಯಿತೆಂದು ತಿಳಿದು ಮರಿಗಳನ್ನೂ ಗುಡಿಸಿಹಾಕುತ್ತದೆ. ಸ್ಟೇಟಸ್ 0, ಯಶಸ್ವಿ ಎಂದು ಇರುತ್ತದೆ, ಸರ್ವಿಸ್ ಮಾತ್ರ ಇರುವುದಿಲ್ಲ. ಪ್ರೋಗ್ರಾಂ ಅನ್ನು ಮುಂದೆಯೇ ಓಡುವಂತೆ ಮಾಡಿ ‘ಸಿಂಪಲ್’ ಇಡುವುದು ನನ್ನ ಆಯ್ಕೆ.

ಸಣ್ಣವು, ಆದರೆ ಗಂಟೆಗಟ್ಟಲೆ ತಿಂದವು

ಸ್ಟಾರ್ಟ್ ಬೇರೆ, ಎನೇಬಲ್ ಬೇರೆ. ಸ್ಟಾರ್ಟ್ ಈಗ ಎಬ್ಬಿಸುತ್ತದೆ, ಎನೇಬಲ್ ಮುಂದಿನ ಬೂಟ್‌ಗೆ ಕೊಂಡಿ ಹಾಕುತ್ತದೆ. ‘[ಇನ್‌ಸ್ಟಾಲ್]’ ಭಾಗದಲ್ಲಿ ‘ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್’ ಇಲ್ಲದಿದ್ದರೆ ಆ ಕೊಂಡಿಗೆ ಜಾಗವೇ ಇರುವುದಿಲ್ಲ. ಯುನಿಟ್ ಫೈಲ್ ತಿದ್ದಿದ ಮೇಲೆ ‘ಡೀಮನ್-ರೀಲೋಡ್’ ಮರೆತರೆ ಓಡುವುದು ಹಳೆಯದೇ. ಒಂದೇ ಹೆಸರಿನ ಫೈಲ್ ಎರಡು ಕಡೆ ಇದ್ದರೆ ‘/ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್’ನದು ಗೆಲ್ಲುತ್ತದೆ, ಪ್ಯಾಕೇಜ್ ತಂದ ಫೈಲನ್ನು ಎಷ್ಟು ತಿದ್ದಿದರೂ ಏನೂ ಆಗುವುದಿಲ್ಲ. ನಿಜವಾಗಿ ಜಾರಿಯಲ್ಲಿರುವುದು ಯಾವುದೆಂದು ‘ಸಿಸ್ಟಮ್‌ಸಿಟಿಎಲ್ ಕ್ಯಾಟ್’ ಹೇಳುತ್ತದೆ. ತಿದ್ದಲು ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಬಳಸಿ, ಪ್ಯಾಕೇಜ್ ಅಪ್‌ಡೇಟ್ ಆದರೂ ನಿಮ್ಮ ತಿದ್ದುಪಡಿ ಉಳಿಯುತ್ತದೆ.

ಸಿಸ್ಟಮ್‌ಡಿ ಇಲ್ಲದ ಕಡೆಯೂ ರೋಗ ಇದೇ. ಫ್ರೀಬಿಎಸ್‌ಡಿಯಲ್ಲಿ ‘/ಇಟಿಸಿ/ಆರ್‌ಸಿ.ಕಾನ್ಫ್’ನಲ್ಲಿ ಸರ್ವಿಸ್‌ಗೆ ‘ಯೆಸ್’ ಎಂದು ಬರೆಯದಿದ್ದರೆ ಸ್ಟಾರ್ಟ್ ಆಗುವುದಿಲ್ಲ, ‘ಒನ್‌ಸ್ಟಾರ್ಟ್’ ಕೊಟ್ಟು ಪರೀಕ್ಷಿಸಬಹುದು. ಅಲ್ಲಿನ ‘ಸರ್ವಿಸ್’ ಕಮಾಂಡ್ ಕೊಡುವ ಪಾತ್‌ನಲ್ಲಿ ‘/ಯುಎಸ್‌ಆರ್/ಲೋಕಲ್/ಬಿನ್’ ಇರುವುದಿಲ್ಲ, ಪ್ಯಾಕೇಜ್‌ಗಳೆಲ್ಲ ಕೂರುವುದು ಮಾತ್ರ ಅಲ್ಲೇ. ಓಪನ್‌ಬಿಎಸ್‌ಡಿಯಲ್ಲಿ ‘ಆರ್‌ಸಿಸಿಟಿಎಲ್ -ಡಿ ಸ್ಟಾರ್ಟ್’, ಆಲ್ಪೈನ್‌ನಲ್ಲಿ ‘ಆರ್‌ಸಿ-ಸ್ಟೇಟಸ್’ ಹುಡುಕಾಟದ ಮೊದಲ ಹೆಜ್ಜೆ.

ಕರೆಂಟ್ ಬಂದ ಗಳಿಗೆ

ಸಂಘದ ಸರ್ವರ್‌ಗೆ ಬರುತ್ತೇನೆ. ಎರಡನೇ ಮಳೆಗಾಲದ ಮೊದಲ ಫೋನ್ ಬಂದಾಗ ಅಪ್ಲಿಕೇಶನ್ ಎಬ್ಬಿಸದೆ ಮೊದಲು ಲಾಗ್ ತೆಗೆದೆ. ಮೊದಲ ಸಾಲಿನಲ್ಲೇ ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಎಂದಿತ್ತು. ಅಪ್ಲಿಕೇಶನ್ ಒಂದು ನಿರ್ದಿಷ್ಟ ಐಪಿಯ ಮೇಲೆ ಕಿವಿಗೊಟ್ಟು ಕೂರಬೇಕು, ಆ ಐಪಿಯೇ ಆಗ ಮಷೀನಿಗೆ ಬಂದಿರಲಿಲ್ಲ. ಮತ್ತೆ ಅದೇ ಸಾಲು, ಮತ್ತೆ ಅದೇ. ಐದು ಸಲ ಬಿದ್ದು, ‘ತುಂಬಾ ಬೇಗ ಬೇಗ ಕೇಳುತ್ತಿದೆ’ ಎಂದು ಸಿಸ್ಟಮ್‌ಡಿ ಕೈಬಿಟ್ಟಿತ್ತು. ಐದೂ ಪ್ರಯತ್ನ ಸೇರಿ ನಾಲ್ಕು ಸೆಕೆಂಡ್ ಕೂಡ ಆಗಿರಲಿಲ್ಲ.

ಈ ಸಲ ‘-ಯು’ ಇಲ್ಲದೆ ಇಡೀ ಬೂಟ್‌ನ ಲಾಗ್ ಓದಿದೆ. ರೂಟರ್‌ನಿಂದ ಡಿಎಚ್‌ಸಿಪಿ (ಮಷೀನುಗಳಿಗೆ ತಾನಾಗಿ ಐಪಿ ಹಂಚುವ ಏರ್ಪಾಟು) ಮೂಲಕ ಐಪಿ ಸಿಕ್ಕಿದ್ದು ಆಮೇಲೆ ಸುಮಾರು 40 ಸೆಕೆಂಡಿಗೆ. ಅಲ್ಲಿಗೆ ಚಿತ್ರ ಪೂರ್ತಿಯಾಯಿತು. ಕರೆಂಟ್ ಬಂದಾಗ ಸರ್ವರ್, ರೂಟರ್ ಎರಡೂ ಒಟ್ಟಿಗೆ ಏಳುತ್ತವೆ. ಎಸ್‌ಎಸ್‌ಡಿ ಇರುವ ಸರ್ವರ್ ಹತ್ತು ಸೆಕೆಂಡಿಗೆ ಸಿದ್ಧ, ರೂಟರ್‌ಗೆ ಮುಕ್ಕಾಲು ನಿಮಿಷ ಬೇಕು. ನಾನು ರೀಬೂಟ್ ಮಾಡಿದಾಗಲೆಲ್ಲ ರೂಟರ್ ಎಚ್ಚರವೇ ಇತ್ತು, ಐಪಿ ತಕ್ಷಣ ಸಿಗುತ್ತಿತ್ತು. ಎಸ್‌ಎಸ್‌ಎಚ್ ಎಲ್ಲ ಅಡ್ರೆಸ್‌ಗಳ ಮೇಲೂ ಕಿವಿಗೊಡುವುದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ಯುನಿಟ್ ಫೈಲಿನಲ್ಲಿ ‘ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್’ ಎಂದು ನಾನೇ ಬರೆದಿದ್ದೆ. ಹೆಸರು ನೋಡಿದರೆ ನೆಟ್‌ವರ್ಕ್ ಬಂದ ಮೇಲೆ ಎಂದೇ ಅನ್ನಿಸುತ್ತದೆ. ಅದರ ಅರ್ಥ ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಶುರುವಾಗಿದೆ ಎಂದಷ್ಟೇ. ಐಪಿ ಬಂದಿದೆ ಎಂದಲ್ಲ. ಐಪಿಗಾಗಿ ಕಾಯುವುದು ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’. ಅದನ್ನು ‘ಆಫ್ಟರ್=’ನಲ್ಲಿ ಬರೆದರೆ ಸಾಲದು, ‘ವಾಂಟ್ಸ್=’ನಲ್ಲೂ ಬರೆಯಬೇಕು. ‘ಆಫ್ಟರ್’ ಸರದಿಯನ್ನು ಮಾತ್ರ ಹೇಳುತ್ತದೆ, ಬರಬೇಕೆಂದು ಕರೆಯುವುದು ‘ವಾಂಟ್ಸ್’. ಜೊತೆಗೆ ನಿಮ್ಮಲ್ಲಿರುವ ನೆಟ್‌ವರ್ಕ್ ವ್ಯವಸ್ಥೆಯ ‘ವೇಟ್-ಆನ್‌ಲೈನ್’ ಸರ್ವಿಸ್ ಎನೇಬಲ್ ಆಗಿರಬೇಕು, ಇಲ್ಲದಿದ್ದರೆ ಕಾಯುವವರೇ ಇರುವುದಿಲ್ಲ.

ಇಷ್ಟರಿಂದ ನನಗೆ ಸಮಾಧಾನವಾಗಲಿಲ್ಲ. ಆ ಮಷೀನಿನಲ್ಲಿದ್ದ ನೆಟ್‌ವರ್ಕ್‌ಡಿಯ (ಸಿಸ್ಟಮ್‌ಡಿಯದೇ ನೆಟ್‌ವರ್ಕ್ ವ್ಯವಸ್ಥೆ) ವೇಟ್-ಆನ್‌ಲೈನ್ 120 ಸೆಕೆಂಡ್ ಕಾದು ಕೈಚೆಲ್ಲುತ್ತದೆ. ಯುಪಿಎಸ್ ಬಲದ ಮೇಲೆ ಸರ್ವರ್ ಎದ್ದು ರೂಟರ್ ಇನ್ನೂ ಕತ್ತಲಲ್ಲಿದ್ದರೆ? ಹಾಗಾಗಿ ಎರಡನೆಯ ತಿದ್ದುಪಡಿ ‘ರೀಸ್ಟಾರ್ಟ್‌ಸೆಕ್=5’. ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಮೊದಲೇ ಇತ್ತು, ಆದರೆ ಬಿದ್ದ ಮೇಲೆ ಮತ್ತೆ ಏಳಲು ಸಿಸ್ಟಮ್‌ಡಿ ಬಿಡುವ ಮಾಮೂಲಿ ಅಂತರ 100 ಮಿಲಿಸೆಕೆಂಡ್. 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿದ ಮೇಲೆ ಮತ್ತೆ ಎಬ್ಬಿಸುವುದಿಲ್ಲ ಎಂಬುದೂ ಅದರ ಮಾಮೂಲಿ ಲೆಕ್ಕ. 100 ಮಿಲಿಸೆಕೆಂಡಿಗೊಂದು ಪ್ರಯತ್ನವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಮಿತಿ ಮುಗಿಯುತ್ತದೆ. ಐದು ಸೆಕೆಂಡಿಗೊಂದಾದರೆ ಹತ್ತು ಸೆಕೆಂಡಿಗೆ ಎರಡೇ, ಮಿತಿ ಮುಟ್ಟುವುದೇ ಇಲ್ಲ, ಐಪಿ ಬರುವವರೆಗೂ ಪ್ರಯತ್ನ ನಡೆದೇ ಇರುತ್ತದೆ. ಎಲ್ಲ ಅಡ್ರೆಸ್‌ಗಳ ಮೇಲೆ ಕೂರಿಸಿಬಿಡುವುದು ಇನ್ನೂ ಸುಲಭದ ದಾರಿ. ಆ ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಇದ್ದವು, ಲೆಕ್ಕಪತ್ರದ ಪೇಜ್ ಇನ್ನೊಂದು ಕಡೆ ತೆರೆದುಕೊಳ್ಳುವುದು ನನಗೆ ಬೇಡವಾಗಿತ್ತು.

ಡೇಟಾಬೇಸ್‌ಗೂ ಇದೇ ಮಾತು. ಸರದಿ ಬರೆದಿದ್ದರೂ ಡೇಟಾಬೇಸ್ ರಿಕವರಿಯಲ್ಲಿದ್ದು ತಡಮಾಡಬಹುದು, ಅಪ್ಲಿಕೇಶನ್ ಮತ್ತೆ ಕೇಳುವಂತಿರಬೇಕು. ಬೇರೆ ಡಿಸ್ಕ್ ಬೇಕಿದ್ದರೆ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್=’ ಸಾಲಿನಲ್ಲಿ ಅದರ ಪಾತ್ ಬರೆಯಿರಿ.

ತಿದ್ದಿದ ಮೇಲೆ ಬರೀ ರೀಬೂಟ್ ಮಾಡಿ ನೋಡಿದರೆ ಹಳೆಯ ತಪ್ಪನ್ನೇ ಮಾಡಿದಂತೆ, ಯಾಕೆಂದರೆ ಈ ದೋಷ ರೀಬೂಟ್‌ನಲ್ಲಿ ಯಾವತ್ತೂ ಕಂಡಿರಲಿಲ್ಲ. ಒಂದು ಭಾನುವಾರ ಅಲ್ಲಿಗೇ ಹೋದೆ. ಸರ್ವರ್ ಅನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ರೂಟರ್ ಆಫ್ ಮಾಡಿ, ಎರಡನ್ನೂ ಒಟ್ಟಿಗೆ ಆನ್ ಮಾಡಿದೆ. ಸರ್ವಿಸ್ ಮುಕ್ಕಾಲು ನಿಮಿಷ ಕಾದು ಮೊದಲ ಸಲಕ್ಕೇ ಎದ್ದಿತು. ಎರಡನೇ ಸಲ ಸರ್ವರ್ ಮಾತ್ರ ಆನ್ ಮಾಡಿ ರೂಟರ್ ಅನ್ನು ಐದು ನಿಮಿಷ ಆಫ್‌ನಲ್ಲೇ ಇಟ್ಟೆ. ಪರದೆಯ ಮೇಲೆ ಐದೈದು ಸೆಕೆಂಡಿಗೆ ಅದೇ ಎರರ್ ಬೀಳುತ್ತಿತ್ತು. ರೂಟರ್ ಆನ್ ಮಾಡಿದೆ, ಅದರ ದೀಪಗಳು ಒಂದೊಂದಾಗಿ ಹಸಿರಾದವು, ಸ್ವಲ್ಪ ಹೊತ್ತಿಗೆ ಲಾಗ್ ಸುಮ್ಮನಾಯಿತು. ‘ಸಿಸ್ಟಮ್‌ಸಿಟಿಎಲ್ ಶೋ -ಪಿ ಎನ್‌ರೀಸ್ಟಾರ್ಟ್ಸ್’ ಹೊಡೆದು ಎಷ್ಟು ಸಲ ಮತ್ತೆ ಎಬ್ಬಿಸಿದೆ ಎಂದು ಕೇಳಿದಾಗ 38 ಎಂದಿತು, ಸ್ಟೇಟಸ್ ‘ಆ್ಯಕ್ಟಿವ್’ ಆಗಿತ್ತು.